ಶೀತಯಂತ್ರದಲ್ಲಿ ಅನಿಲವೆಷ್ಟಿದೆ?

ಬೇಸಗೆಯ ತಾಪವು ಏರತೊಡಗಿದೊಡನೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಏ.ಸಿ. ಯಂತ್ರವಿರುವ ಮನೆಗಳಿಂದಲೂ ಅಂಗಡಿಗಳಿಂದಲೂ ಒಂದು ದೂರು ಕೇಳಿಬರುವುದುಂಟು: “ಯಂತ್ರವೇನೋ ಓಡುತ್ತದೆ, ಆದರೆ ಕೋಣೆ ತಣಿಯುವುದಿಲ್ಲ.” ಇದಕ್ಕೆ ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: “ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು.” ಮಾಪಕವೊಂದನ್ನು ಕೊಳವೆಗೆ ಸಿಕ್ಕಿಸಿ, ಮುಳ್ಳು ನಿಂತ ಜಾಗವನ್ನು ನೋಡಿ, ಸಿಲಿಂಡರಿನಿಂದ ಒಂದಿಷ್ಟು ಅನಿಲವನ್ನು ಬಿಟ್ಟರೆ ಕೆಲಸ ಮುಗಿಯಿತು. ಮರುವರ್ಷ ಅದೇ ದೂರು, ಅದೇ ಉತ್ತರ, ಅದೇ ಖರ್ಚು.

ಈ ಉತ್ತರವು ಸರಿಯೆ? ತಾಮ್ರದ ಕೊಳವೆಯೊಳಗೆ ಬೆಸುಗೆ ಹಾಕಿ ಮುಚ್ಚಿದ, ಕಣ್ಣಿಗೆ ಕಾಣದ ವಸ್ತುವೊಂದು ಹೆಚ್ಚಿದೆಯೋ ಕಡಿಮೆಯಿದೆಯೋ ಎಂಬುದನ್ನು ಒತ್ತಡದ ಮಾಪಕವೊಂದರಿಂದಲೇ ತಿಳಿಯಬಹುದೆ? ಪ್ರೌಢಶಾಲೆಯಲ್ಲಿ ಗುಪ್ತೋಷ್ಣ ಮತ್ತು ಸಂತೃಪ್ತ ಬಾಷ್ಪಗಳ ಪಾಠವನ್ನು ಓದಿದವರೆಲ್ಲರೂ ಈ ಪ್ರಶ್ನೆಯನ್ನು ತಾವೇ ಬಿಡಿಸಬಲ್ಲರು. ಆ ಪಾಠವು ನಿತ್ಯಜೀವನದಲ್ಲಿ ಎಷ್ಟು ಉಪಯುಕ್ತವೆಂಬುದನ್ನೂ ಇಲ್ಲಿ ಕಾಣಬಹುದು.

ಉಷ್ಣವನ್ನು ಎತ್ತುವ ಪಂಪು

ನೀರು ತಾನಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ತುಂಗಾ ನದಿಯ ನೀರನ್ನು ಎತ್ತರದ ತೊಟ್ಟಿಗೆ ಏರಿಸಬೇಕಾದರೆ ಪಂಪು ಬೇಕು. ಪಂಪಿಗೆ ಶಕ್ತಿಯನ್ನು ಒದಗಿಸಬೇಕು. ಉಷ್ಣದ ಸ್ವಭಾವವೂ ಹೀಗೆಯೇ. ಅದು ತಾನಾಗಿ ಬಿಸಿಯಾದ ಸ್ಥಳದಿಂದ ತಂಪಾದ ಸ್ಥಳಕ್ಕೆ ಹರಿಯುವುದೇ ಹೊರತು ಹಿಂದಕ್ಕೆ ಹರಿಯದು. 25 ಡಿಗ್ರಿಯ ಕೋಣೆಯಿಂದ 35 ಡಿಗ್ರಿಯ ಬೀದಿಗೆ ಉಷ್ಣವನ್ನು ಸಾಗಿಸಬೇಕಾದರೆ ಅಲ್ಲಿಯೂ ಒಂದು ಪಂಪು ಬೇಕು. ಏ.ಸಿ. ಯಂತ್ರವೂ ಮನೆಯ ಶೀತಪೆಟ್ಟಿಗೆಯೂ ಇಂತಹ ಉಷ್ಣಪಂಪುಗಳೇ. ಚಳಿದೇಶಗಳಲ್ಲಿ ಇದೇ ಯಂತ್ರವನ್ನು ಹಿಮ್ಮುಖವಾಗಿ ನಡೆಸಿ, ಹೊರಗಿನ ತಣ್ಣನೆಯ ಗಾಳಿಯಿಂದ ಉಷ್ಣವನ್ನು ಎಳೆದು ಮನೆಯನ್ನು ಬೆಚ್ಚಗಿಡುತ್ತಾರೆ. ನಮ್ಮಲ್ಲಿಯೂ ‘ಹಾಟ್ ಅಂಡ್ ಕೋಲ್ಡ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಯಂತ್ರಗಳಲ್ಲಿ ಈ ಹಿಮ್ಮುಖ ಚಲನೆಗೆಂದು ಒಂದು ಕವಾಟವಿರುತ್ತದೆ. ಉಷ್ಣವನ್ನು ಪಂಪು ಮಾಡಿ ಕಟ್ಟಡಗಳನ್ನು ಬೆಚ್ಚಗಿಡಬಹುದೆಂಬ ವಿಚಾರವನ್ನು ವಿಲಿಯಂ ಥಾಮ್ಸನ್ 1852ರಷ್ಟು ಹಿಂದೆಯೇ ವಿವರಿಸಿದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು ಇವನೇ.

ಈ ಪಂಪಿನಲ್ಲಿ ಉಷ್ಣವನ್ನು ಹೊತ್ತು ಸಾಗಿಸುವ ಆಳು ಯಾರು? ಶೀತಕವೆಂಬ ದ್ರವ್ಯ, ಜನರ ಬಾಯಲ್ಲಿ ‘ಗ್ಯಾಸ್’. ಮಣ್ಣಿನ ಹೂಜಿಯ ಹೊರಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಹೂಜಿಯೊಳಗಿನ ಉಷ್ಣವನ್ನು ಹೀರಿಕೊಂಡು ಹೋಗುತ್ತದೆ. ದ್ರವವು ಬಾಷ್ಪವಾಗಲು ಬೇಕಾದ ಈ ಉಷ್ಣವೇ ಗುಪ್ತೋಷ್ಣ. ಬಾಷ್ಪವು ಮರಳಿ ದ್ರವವಾಗುವಾಗ ಅಷ್ಟೇ ಉಷ್ಣವನ್ನು ಬಿಟ್ಟುಕೊಡುತ್ತದೆ. ಭದ್ರಾವತಿಯವರಿಗೆ ಈ ಎರಡನೆಯ ಕ್ರಿಯೆಯ ದೃಷ್ಟಾಂತವು ಊರಿನ ಚರಿತ್ರೆಯಲ್ಲಿಯೇ ಇದೆ. 1923ರಲ್ಲಿ ಕಬ್ಬಿಣದ ಉತ್ಪಾದನೆಯನ್ನು ಆರಂಭಿಸಿದ ಅಲ್ಲಿಯ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದೊಂದಿಗೆ ಮರದ ಬಟ್ಟಿ ಇಳಿಸುವಿಕೆಯೂ ಸೇರಿತ್ತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿದಾಗ ಕುಲುಮೆಗೆ ಬೇಕಾದ ಇದ್ದಿಲು ಉಳಿಯುತ್ತಿತ್ತು. ಮೇಲೆದ್ದ ಆವಿಯನ್ನು ತಣಿಸಿದಾಗ ಮೀಥೈಲ್ ಆಲ್ಕೊಹಾಲ್, ಟಾರು ಮೊದಲಾದ ದ್ರವಗಳು ದೊರೆಯುತ್ತಿದ್ದವು. ಆವಿಯಿಂದ ಉಷ್ಣವನ್ನು ಕಿತ್ತುಕೊಂಡರೆ ಅದು ದ್ರವವಾಗುವುದು ಎಂಬುದೇ ಅಲ್ಲಿಯ ತತ್ತ್ವ.

ಶೀತಯಂತ್ರದಲ್ಲಿ ಈ ಎರಡು ಕ್ರಿಯೆಗಳೂ ಒಂದೇ ಕೊಳವೆಯ ಸುತ್ತಿನಲ್ಲಿ ಎಡೆಬಿಡದೆ ನಡೆಯುತ್ತವೆ. ಅದರ ಅಂಗಗಳು ನಾಲ್ಕು. ಕೋಣೆಯೊಳಗಿನ ಸುರುಳಿಯಲ್ಲಿ ಶೀತಕವು ಕುದಿದು ಬಾಷ್ಪವಾಗಿ ಕೋಣೆಯ ಉಷ್ಣವನ್ನು ಹೀರುತ್ತದೆ. ಕಂಪ್ರೆಸರ್ ಆ ಬಾಷ್ಪವನ್ನು ಎಳೆದು ಅದುಮುತ್ತದೆ. ಹೊರಗಿನ ಸುರುಳಿಯಲ್ಲಿ ಬಾಷ್ಪವು ಉಷ್ಣವನ್ನು ಬೀದಿಯ ಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ಇದಕ್ಕೆ ಕಂಡೆನ್ಸರ್ ಎಂದು ಹೆಸರು. ಕೂದಲಿನಷ್ಟು ಸಣ್ಣ ರಂಧ್ರದ ಲೋಮನಾಳವೊಂದು, ಇಲ್ಲವೆ ವಿದ್ಯುತ್ತಿನಿಂದ ನಡೆಯುವ ಸಣ್ಣ ಕವಾಟವೊಂದು, ಆ ದ್ರವವನ್ನು ಕಡಿಮೆ ಒತ್ತಡದ ಕಡೆಗೆ ಮಿತವಾಗಿ ಬಿಡುತ್ತದೆ. ಈ ಸುತ್ತು ಬಲು ವೇಗದ್ದು. ಒಂದೂವರೆ ಟನ್ನಿನ ಯಂತ್ರವೆಂದರೆ ಸೆಕೆಂಡಿಗೆ ಸುಮಾರು 5.3 ಕಿಲೋಜೂಲ್ ಉಷ್ಣವನ್ನು ಎತ್ತುವ ಯಂತ್ರ. ಇಂದಿನ ಏ.ಸಿ.ಗಳಲ್ಲಿ ಬಳಕೆಯಾಗುವ ಆರ್-32 ಎಂಬ ಶೀತಕವು ಒಂದು ಸುತ್ತಿನಲ್ಲಿ ಪ್ರತಿ ಗ್ರಾಮಿಗೆ ಸುಮಾರು 0.24 ಕಿಲೋಜೂಲ್ ಉಷ್ಣವನ್ನು ಒಯ್ಯುತ್ತದೆ. ಭಾಗಿಸಿ ನೋಡಿದರೆ ಸೆಕೆಂಡಿಗೆ 22 ಗ್ರಾಮ್ ಶೀತಕವು ಹರಿಯಬೇಕು. ಯಂತ್ರದಲ್ಲಿರುವುದು 800 ಗ್ರಾಮ್ ಎಂದು ಇಟ್ಟುಕೊಂಡರೆ ಅಷ್ಟೂ ಶೀತಕವು ಒಂದು ನಿಮಿಷ ತುಂಬುವುದಕ್ಕೆ ಮೊದಲೇ ಒಂದು ಸುತ್ತು ಮುಗಿಸಿರುತ್ತದೆ. ಇಷ್ಟು ಸಣ್ಣ ಪ್ರಮಾಣದಲ್ಲಿ 100 ಗ್ರಾಮ್ ಎಂದರೆ ಎಂಟನೆಯ ಒಂದು ಪಾಲು. ಆದುದರಿಂದಲೇ ಅಳತೆಯು ಕಣ್ಣಂದಾಜಿನದಾಗಿರಬಾರದು.

ಒತ್ತಡ ಮತ್ತು ಕುದಿಬಿಂದು

ಶಿವಮೊಗ್ಗ ನಗರವು ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರು ಎತ್ತರದಲ್ಲಿದೆ. ಇಲ್ಲಿಯ ವಾಯುವಿನ ಒತ್ತಡವು ಸಮುದ್ರತೀರದ 101 ಕಿಲೋಪಾಸ್ಕಲ್‌ಗೆ ಬದಲಾಗಿ ಸುಮಾರು 95 ಕಿಲೋಪಾಸ್ಕಲ್; ಪಾದರಸದ ಸ್ತಂಭವು 76 ಸೆಂಟಿಮೀಟರಿಗೆ ಬದಲಾಗಿ 71 ಸೆಂಟಿಮೀಟರು ನಿಲ್ಲುತ್ತದೆ. ಆದುದರಿಂದ ಇಲ್ಲಿ ನೀರು 100 ಡಿಗ್ರಿಯಲ್ಲಿ ಅಲ್ಲ, ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. ಪ್ರೆಶರ್ ಕುಕ್ಕರಿನೊಳಗೆ ಒತ್ತಡವು ಹೆಚ್ಚಿರುವುದರಿಂದ ಅದೇ ನೀರು 120 ಡಿಗ್ರಿಯ ಸಮೀಪದಲ್ಲಿ ಕುದಿಯುತ್ತದೆ. ಒತ್ತಡವನ್ನು ಹೇಳಿದರೆ ಕುದಿಬಿಂದುವನ್ನು ಹೇಳಿದಂತೆ; ಕುದಿಬಿಂದುವನ್ನು ಹೇಳಿದರೆ ಒತ್ತಡವನ್ನು ಹೇಳಿದಂತೆ. ಶೀತಕಕ್ಕೂ ಇದೇ ನಿಯಮ. ವಾಯುವಿನ ಸಹಜ ಒತ್ತಡದಲ್ಲಿ ಆರ್-32 ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಒತ್ತಡವನ್ನು ಏರಿಸಿದಂತೆ ಅದರ ಕುದಿಬಿಂದುವೂ ಹೀಗೆ ಏರುತ್ತದೆ:

0 ಡಿಗ್ರಿ: 813 ಕಿಲೋಪಾಸ್ಕಲ್; ಮಾಪಕದಲ್ಲಿ 104 ಪಿ.ಎಸ್.ಐ.
5 ಡಿಗ್ರಿ: 951 ಕಿಲೋಪಾಸ್ಕಲ್; ಮಾಪಕದಲ್ಲಿ 124 ಪಿ.ಎಸ್.ಐ.
10 ಡಿಗ್ರಿ: 1107 ಕಿಲೋಪಾಸ್ಕಲ್, ಮಾಪಕದಲ್ಲಿ 147 ಪಿ.ಎಸ್.ಐ.
30 ಡಿಗ್ರಿ: 1928 ಕಿಲೋಪಾಸ್ಕಲ್, ಮಾಪಕದಲ್ಲಿ 266 ಪಿ.ಎಸ್.ಐ.
45 ಡಿಗ್ರಿ: 2795 ಕಿಲೋಪಾಸ್ಕಲ್; ಮಾಪಕದಲ್ಲಿ 392 ಪಿ.ಎಸ್.ಐ.

ಪಿ.ಎಸ್.ಐ. ಎಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಹಳೆಯ ಅಳತೆ, ಏ.ಸಿ. ಕೆಲಸಗಾರರಲ್ಲಿ ಇಂದಿಗೂ ಇದೇ ರೂಢಿ. ಒಂದು ಪಿ.ಎಸ್.ಐ. 6.9 ಕಿಲೋಪಾಸ್ಕಲ್‌ಗೆ ಸಮ. ಮಾಪಕವು ಹೊರಗಿನ ಗಾಳಿಯ ಒತ್ತಡವನ್ನು ಕಳೆದು ಉಳಿದುದನ್ನು ಮಾತ್ರ ತೋರಿಸುವುದರಿಂದ, ಮೇಲಿನ ಅಂಕಿಗಳನ್ನು ಪಡೆಯಲು ಶಿವಮೊಗ್ಗೆಯ 95 ಕಿಲೋಪಾಸ್ಕಲ್ ಅನ್ನು ಕಳೆದಿದ್ದೇವೆ. ಮಂಗಳೂರಿನಲ್ಲಿ ಓದಿದರೆ ಇದೇ ಅಂಕಿಗಳು ಒಂದೊಂದು ಪಿ.ಎಸ್.ಐ.ಯಷ್ಟು ಕಡಿಮೆಯಾದಾವು; ಉಷ್ಣತೆಯ ಲೆಕ್ಕದಲ್ಲಿ ಈ ವ್ಯತ್ಯಾಸವು ಅತ್ಯಲ್ಪ.

ಒತ್ತಡವು ಹೇಳದಿರುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ತೆಗೆದುಕೊಳ್ಳಿರಿ. ತುಂಬಿದಾಗ ಅದರಲ್ಲಿ 14.2 ಕಿಲೋಗ್ರಾಮ್ ಅನಿಲವು ಬಹುಪಾಲು ದ್ರವರೂಪದಲ್ಲಿರುತ್ತದೆ. ಅರ್ಧ ಖರ್ಚಾದ ಮೇಲೆ ಒತ್ತಡವೂ ಅರ್ಧಕ್ಕೆ ಇಳಿಯುವುದೆ? ಇಲ್ಲ. ಒಳಗೆ ಸ್ವಲ್ಪವಾದರೂ ದ್ರವವಿರುವ ತನಕ ಬಾಷ್ಪದ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ದ್ರವದ ಪ್ರಮಾಣವಲ್ಲ. ಒಲೆಯ ಉರಿಯು ಕೊನೆಯ ದಿನದವರೆಗೂ ಬಹುಮಟ್ಟಿಗೆ ಒಂದೇ ಸಮನಾಗಿರುವುದು ಈ ಕಾರಣದಿಂದಲೇ. ಸಿಲಿಂಡರು ತುಂಬಿದೆಯೇ ಎಂದು ತಿಳಿಯಬೇಕಾದಾಗ ನಾವು ತೂಕ ಮಾಡಿಸಿ ನೋಡುತ್ತೇವೆ.

ನಿಂತಿರುವ ಏ.ಸಿ. ಯಂತ್ರವೂ ಇಂತಹ ಸಿಲಿಂಡರಿನಂತೆಯೇ. 30 ಡಿಗ್ರಿಯ ದಿನದಲ್ಲಿ ಅದಕ್ಕೆ ಮಾಪಕವನ್ನು ಜೋಡಿಸಿದರೆ, ಒಳಗೆ ಪೂರ್ತಿ ಶೀತಕವಿರಲಿ, ಅರ್ಧವೇ ಇರಲಿ, ಮುಳ್ಳು ಸುಮಾರು 266ರಲ್ಲಿಯೇ ನಿಲ್ಲುತ್ತದೆ. ಯಂತ್ರವು ಬಹುತೇಕ ಬರಿದಾಗಿದ್ದರೆ ಮಾತ್ರ ಅದು ಕೆಳಗಿಳಿಯುವುದು.

ಓಡುತ್ತಿರುವ ಯಂತ್ರದಲ್ಲಿ ಸ್ಥಿತಿ ಬೇರೆ. ಶೀತಕವು ಕಡಿಮೆಯಿದ್ದರೆ ಒಳಗಿನ ಸುರುಳಿಗೆ ಸಾಕಷ್ಟು ದ್ರವವು ಬಾರದು. ಕಂಪ್ರೆಸರ್ ಎಳೆಯುತ್ತಲೇ ಇರುವುದರಿಂದ ಅಲ್ಲಿಯ ಒತ್ತಡವು ಇಳಿಯುತ್ತದೆ. ಇದು ನಿಜ. ಆದರೆ ಗಾಳಿಯ ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೂ ಒತ್ತಡ ಇಳಿಯುತ್ತದೆ, ಏಕೆಂದರೆ ಶೀತಕವನ್ನು ಕುದಿಸುವಷ್ಟು ಉಷ್ಣವು ಸುರುಳಿಯನ್ನು ತಲುಪುವುದಿಲ್ಲ. ಲೋಮನಾಳದಲ್ಲಿ ಕಸ ಸಿಕ್ಕಿಕೊಂಡರೂ ಒತ್ತಡ ಇಳಿಯುತ್ತದೆ. ಒತ್ತಡವು 104ಕ್ಕಿಂತ ಕೆಳಗಿಳಿದರೆ ಸುರುಳಿಯ ಉಷ್ಣತೆಯು ಸೊನ್ನೆಗಿಂತ ಕೆಳಗೆ ಹೋಗಿ ಅದರ ಮೇಲೆ ಮಂಜುಗಡ್ಡೆಯೂ ಕಟ್ಟುತ್ತದೆ. ಅದೂ ಈ ಮೂರು ಸಂದರ್ಭಗಳಲ್ಲಿ ಯಾವುದರಲ್ಲಾದರೂ ಆಗಬಹುದು. ಮೈ ಬಿಸಿಯಾಗಿದೆ ಎಂದಮಾತ್ರಕ್ಕೆ ಇಂತಹದೇ ಜ್ವರವೆಂದು ವೈದ್ಯರು ನಿರ್ಣಯಿಸುವುದಿಲ್ಲವಷ್ಟೆ. ತಗ್ಗಿದ ಒತ್ತಡವೂ ಒಂದು ಲಕ್ಷಣ ಮಾತ್ರ.

ಎರಡು ವ್ಯತ್ಯಾಸಗಳು

ರೋಗವನ್ನು ಗುರುತಿಸಲು ಮಾಪಕದ ಜೊತೆಗೆ ಒಂದು ಉಷ್ಣತಾಮಾಪಕವೂ ಬೇಕು. ಒಳಗಿನ ಸುರುಳಿಯಲ್ಲಿ ಒತ್ತಡವು 147 ಪಿ.ಎಸ್.ಐ. ಇದೆಯೆನ್ನಿ. ಪಟ್ಟಿಯ ಪ್ರಕಾರ ಶೀತಕವು ಅಲ್ಲಿ 10 ಡಿಗ್ರಿಯಲ್ಲಿ ಕುದಿಯುತ್ತಿದೆ. ಅದು ಕಂಪ್ರೆಸರಿಗೆ ಹಿಂದಿರುಗುವ ದಪ್ಪ ಕೊಳವೆಯ ಮೈಯ ಉಷ್ಣತೆಯನ್ನು ಅಳೆದಾಗ 16 ಡಿಗ್ರಿ ಬಂದಿತೆಂದುಕೊಳ್ಳೋಣ. ಇದರ ಅರ್ಥವೇನು? ದ್ರವವೆಲ್ಲವೂ ಕುದಿದು ಮುಗಿದು, ಆ ಮೇಲೆ ಬಾಷ್ಪವು ಇನ್ನೂ 6 ಡಿಗ್ರಿ ಕಾದಿದೆ ಎಂದು. ಈ ಹೆಚ್ಚಿನ ತಾಪವನ್ನು ಅತಿತಾಪವೆನ್ನಬಹುದು. ಕೆಲಸಗಾರರು ಸೂಪರ್‌ಹೀಟ್ ಎನ್ನುತ್ತಾರೆ. ಹಾಗೆಯೇ ಹೊರಗಿನ ಸುರುಳಿಯಲ್ಲಿ ಬಾಷ್ಪವು 45 ಡಿಗ್ರಿಯಲ್ಲಿ ದ್ರವವಾಗಿ, ಹೊರಬರುವ ಹೊತ್ತಿಗೆ 40 ಡಿಗ್ರಿಗೆ ತಣಿದಿದ್ದರೆ, ಆ 5 ಡಿಗ್ರಿಯು ಉಪಶೈತ್ಯ, ರೂಢಿಯಲ್ಲಿ ಸಬ್‌ಕೂಲಿಂಗ್. ಅತಿತಾಪವು ಒಳಗಿನ ಸುರುಳಿಯು ದ್ರವದಿಂದ ಎಷ್ಟು ತುಂಬಿದೆಯೆಂಬುದನ್ನೂ, ಉಪಶೈತ್ಯವು ಹೊರಗಿನ ಸುರುಳಿಯ ತುದಿಯಲ್ಲಿ ಎಷ್ಟು ದ್ರವವು ಶೇಖರವಾಗಿದೆಯೆಂಬುದನ್ನೂ ತಿಳಿಸುತ್ತವೆ.

ಈಗ ಲೋಮನಾಳವಿರುವ ಯಂತ್ರವೊಂದರಲ್ಲಿ ಮಾಪಕವು 120 ಪಿ.ಎಸ್.ಐ. ತೋರಿಸುತ್ತಿದೆಯೆಂದು ಭಾವಿಸೋಣ. ಕುದಿಬಿಂದು ಸುಮಾರು 4 ಡಿಗ್ರಿ. ಇಲ್ಲಿಂದ ಮೂರು ದಾರಿಗಳಿವೆ.

ಮೊದಲನೆಯದು: ಕೊಳವೆಯ ಮೈ 20 ಡಿಗ್ರಿ, ಅಂದರೆ ಅತಿತಾಪ 16, ಉಪಶೈತ್ಯವು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಎರಡು ಸುರುಳಿಗಳೂ ದ್ರವಕ್ಕಾಗಿ ಹಸಿದಿವೆ. ಶೀತಕವು ನಿಜವಾಗಿಯೂ ಕಡಿಮೆಯಾಗಿದೆ.

ಎರಡನೆಯದು: ಕೊಳವೆಯ ಮೈ 6 ಡಿಗ್ರಿ, ಅತಿತಾಪ 2. ದ್ರವವು ಸಾಕಷ್ಟು ಬರುತ್ತಿದೆ, ಆದರೆ ಅದನ್ನು ಕುದಿಸಲು ಉಷ್ಣವಿಲ್ಲ. ಜಾಲರಿಯನ್ನು ತೊಳೆಯಬೇಕು, ಬೀಸಣಿಗೆಯನ್ನು ನೋಡಬೇಕು. ಇಲ್ಲಿ ಶೀತಕವನ್ನು ತುಂಬುವುದು ಅಜೀರ್ಣವಾದವನಿಗೆ ಊಟ ಬಡಿಸಿದಂತೆ.

ಮೂರನೆಯದು: ಅತಿತಾಪವೂ ಹೆಚ್ಚು, ಉಪಶೈತ್ಯವೂ ಹೆಚ್ಚು. ದ್ರವವು ಹೊರಗಿನ ಸುರುಳಿಯಲ್ಲಿ ಸಿಕ್ಕಿಬಿದ್ದಿದೆ, ಒಳಕ್ಕೆ ಬರುತ್ತಿಲ್ಲ. ನಡುವೆ ಎಲ್ಲಿಯೋ ತಡೆಯಿದೆ.

ಮೂರರಲ್ಲಿಯೂ ಒತ್ತಡದ ಮುಳ್ಳು ಒಂದೇ ಕಡೆ ನಿಂತಿತ್ತು. ಅನಿಲವನ್ನು ತುಂಬುವುದು ಸರಿಯಾಗಿದ್ದುದು ಒಂದರಲ್ಲಿ ಮಾತ್ರ. ಉಳಿದ ಎರಡರಲ್ಲಿ ತುಂಬಿದ ಹೆಚ್ಚುವರಿ ದ್ರವವು ಹೊರಗಿನ ಸುರುಳಿಯ ಜಾಗವನ್ನು ಆಕ್ರಮಿಸಿ ಅಲ್ಲಿಯ ಒತ್ತಡವನ್ನೂ ವಿದ್ಯುತ್ತಿನ ಖರ್ಚನ್ನೂ ಏರಿಸುತ್ತದೆ. ಕುದಿಯದೆ ಉಳಿದ ದ್ರವವು ಕಂಪ್ರೆಸರನ್ನು ಹೊಕ್ಕರೆ ಹಾನಿಯು ಇನ್ನೂ ದೊಡ್ಡದು. ಬಾಷ್ಪವನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಅದು ಎಣ್ಣೆಯನ್ನು ತೆಳುವಾಗಿಸಿ ಒಳಗಿನ ಭಾಗಗಳನ್ನು ಸವೆಸುತ್ತದೆ, ಮುರಿಯಲೂಬಹುದು. ಶೀತಕವು ಕಡಿಮೆಯಾದರೂ ಕಂಪ್ರೆಸರಿಗೆ ಕ್ಷೇಮವಿಲ್ಲ, ಏಕೆಂದರೆ ಅದರ ಮೋಟಾರು ತಣಿಯುವುದು ಹಿಂದಿರುಗುವ ತಂಪು ಬಾಷ್ಪದಿಂದಲೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂದಿನ ಇನ್ವರ್ಟರ್ ಯಂತ್ರಗಳಲ್ಲಿ ಕಂಪ್ರೆಸರಿನ ವೇಗವು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ವಿದ್ಯುತ್ ಕವಾಟವಿದ್ದರೆ ಅದು ಅತಿತಾಪವನ್ನು ತಾನೇ ಸರಿದೂಗಿಸಿ ಕೊರತೆಯನ್ನು ಮರೆಮಾಡುತ್ತದೆ. ಮನೆಯ ಸ್ಪ್ಲಿಟ್ ಏ.ಸಿ.ಗಳಲ್ಲಿ ಹೆಚ್ಚಿನ ಒತ್ತಡದ ಕಡೆಗೆ ಮಾಪಕ ಸಿಕ್ಕಿಸುವ ಬಾಯಿಯೂ ಸಾಮಾನ್ಯವಾಗಿ ಇರುವುದಿಲ್ಲ. ಇಂತಹ ಯಂತ್ರಗಳಿಗೆ ಗ್ಯಾಸ್ ಸಿಲಿಂಡರಿನ ಉಪಾಯವೇ ಶ್ರೇಷ್ಠ: ತೂಕ. ಹೊರಗಿನ ಪೆಟ್ಟಿಗೆಯ ಫಲಕದ ಮೇಲೆ ಶೀತಕದ ಹೆಸರೂ ಅದರ ತೂಕವೂ ಅಚ್ಚಾಗಿರುತ್ತವೆ. ಉಳಿದ ಶೀತಕವನ್ನು ಬೇರೆ ಸಿಲಿಂಡರಿಗೆ ಎಳೆದುಕೊಂಡು, ಫಲಕದಲ್ಲಿ ಹೇಳಿದಷ್ಟನ್ನು ತಕ್ಕಡಿಯಲ್ಲಿ ತೂಗಿ ತುಂಬಿದರೆ ಊಹೆಗೆ ಎಡೆಯೇ ಇರದು. ಕೊಳವೆಯು ಹೇಳಿದ್ದಕ್ಕಿಂತ ಉದ್ದವಾಗಿದ್ದರೆ ಮೀಟರಿಗೆ ಇಷ್ಟು ಗ್ರಾಮ್ ಹೆಚ್ಚಿಗೆ ಸೇರಿಸಬೇಕೆಂಬುದನ್ನೂ ತಯಾರಕರು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ.

ಅನಿಲವು ಹೋದುದೆಲ್ಲಿಗೆ?

ಶೀತಕವು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಸುತ್ತುತ್ತದೆಯೇ ಹೊರತು ಸವೆಯುವುದಿಲ್ಲ. ಎಷ್ಟೋ ಮನೆಗಳ ಶೀತಪೆಟ್ಟಿಗೆಗಳು ಕೊಂಡ ದಿನದ ಅನಿಲದಿಂದಲೇ ಹತ್ತಾರು ವರ್ಷ ನಡೆಯುವುದನ್ನು ನಾವು ಕಂಡಿದ್ದೇವೆ. ಆದುದರಿಂದ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವುದು ಯಂತ್ರದ ಧರ್ಮವೆಂಬ ನಂಬಿಕೆಗೆ ಆಧಾರವಿಲ್ಲ. ಶೀತಕವು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ. ಸೋರುವ ಕೊಡಕ್ಕೆ ನೀರು ಹೊಯ್ಯುವ ಮೊದಲು ತೂತನ್ನು ಹುಡುಕಬೇಕು.

ಹುಡುಕುವ ಕ್ರಮವು ಸರಳ. ಕೊಳವೆಗಳಿಗೆ ಒಣ ನೈಟ್ರೊಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಬೆಸುಗೆಗಳಿಗೂ ತಿರುಪಿನ ಕೂಡುಗಳಿಗೂ ಸಾಬೂನಿನ ನೀರನ್ನು ಹಚ್ಚಿದರೆ ಸೋರುವಲ್ಲಿ ಗುಳ್ಳೆಗಳೇಳುತ್ತವೆ. ಇದಕ್ಕೆ ಆಕ್ಸಿಜನ್ನನ್ನು ಎಂದಿಗೂ ಬಳಸಬಾರದು. ಕಂಪ್ರೆಸರಿನ ಎಣ್ಣೆಯೊಡನೆ ಅದು ಸ್ಫೋಟಿಸಬಲ್ಲದು. ಸೋರಿಕೆಯನ್ನು ಸರಿಪಡಿಸಿದ ಮೇಲೆ ಒಳಗಿನ ಗಾಳಿಯನ್ನೂ ತೇವವನ್ನೂ ನಿರ್ವಾತ ಪಂಪಿನಿಂದ ಹೊರಗೆಳೆಯಬೇಕು. ನಮ್ಮ ಊರಿನ ಎತ್ತರವು ಮುಖ್ಯವಾಗುವುದು ಇಲ್ಲಿ. ಮಾಪಕದ ಮುಖದ ಮೇಲೆ ಪೂರ್ಣ ನಿರ್ವಾತಕ್ಕೆ 30 ಅಂಗುಲವೆಂದು ಬರೆದಿರುತ್ತದೆ. ಶಿವಮೊಗ್ಗೆಯ ಗಾಳಿಯ ಒತ್ತಡವೇ 28 ಅಂಗುಲ ಪಾದರಸದಷ್ಟಿರುವಾಗ, ಎಷ್ಟೇ ಒಳ್ಳೆಯ ಪಂಪಾದರೂ ಮುಳ್ಳನ್ನು 28ರ ಆಚೆಗೆ ಎಳೆಯಲಾರದು. ಇದಕ್ಕಾಗಿ ಪಂಪನ್ನು ದೂಷಿಸಬಾರದು. ಮುಳ್ಳು 27ರ ಸಮೀಪದಲ್ಲಿ ನಿಂತರೆ ಮಾತ್ರ ಸಂದೇಹಪಡಬೇಕು. 27 ಡಿಗ್ರಿಯ ದಿನದಲ್ಲಿ ಕೊಳವೆಯೊಳಗಿನ ನೀರು ಕುದಿಯತೊಡಗುವುದೇ ಸುಮಾರು ಆ ಒತ್ತಡದಲ್ಲಿ. ತೇವವು ಪೂರ್ತಿ ಹೋಗಬೇಕಾದರೆ ಒಳಗಿನ ಒತ್ತಡವು ಅರ್ಧ ಮಿಲಿಮೀಟರು ಪಾದರಸಕ್ಕೆ ಇಳಿಯಬೇಕು. ಅಷ್ಟು ಸೂಕ್ಷ್ಮವನ್ನು ಮುಳ್ಳಿನ ಮಾಪಕವು ತೋರಿಸಲಾರದು. ವಿದ್ಯುನ್ಮಾನ ನಿರ್ವಾತಮಾಪಕವೇ ಬೇಕು.

ಸೋರಿದ ಅನಿಲದ ಲೆಕ್ಕವು ಮನೆಯ ಖರ್ಚಿನಲ್ಲಿಯೇ ಮುಗಿಯುವುದಿಲ್ಲ. ಹಳೆಯ ಯಂತ್ರಗಳ ಆರ್-22 ವಾಯುಮಂಡಲದ ಓಝೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. ಆರ್-32 ಓಝೋನಿಗೆ ಹಾನಿ ಮಾಡದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋಗ್ರಾಮ್ ಭೂಮಿಯನ್ನು ಸುಮಾರು 675 ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಮಾಡುತ್ತದೆ. ಇಂತಹ ಶೀತಕಗಳ ಬಳಕೆಯನ್ನು ಕ್ರಮವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿತು. 800 ಗ್ರಾಮ್ ಆರ್-32 ಸೋರಿಹೋದರೆ ಅದು 540 ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರು ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಮ್ ಬರುತ್ತದೆ. ಲೀಟರಿಗೆ 45 ಕಿಲೋಮೀಟರು ಓಡುವ ಸ್ಕೂಟರಿನಲ್ಲಿ ಶಿವಮೊಗ್ಗೆಯಿಂದ ಬೆಂಗಳೂರಿಗೆ ಹದಿನೇಳು ಸಲ ಹೋಗಿಬಂದರೆ ಆಗುವಷ್ಟು ಹೊಗೆಯನ್ನು ಒಂದು ಸೋರುವ ಕೂಡು ಸದ್ದಿಲ್ಲದೆ ಬಿಟ್ಟಿರುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದುದು

ಶೀತಕದ ಕೊಳವೆಯನ್ನು ಬಿಚ್ಚುವ ಕೆಲಸಕ್ಕೆ ವಿದ್ಯಾರ್ಥಿಗಳು ಕೈಹಾಕಬಾರದು. ಆರ್-32 ಸ್ವಲ್ಪಮಟ್ಟಿಗೆ ಉರಿಯುವ ಅನಿಲ. ಕೆಲವು ಯಂತ್ರಗಳಲ್ಲಿರುವ ಆರ್-290 ಎಂದರೆ ಸಾಕ್ಷಾತ್ ಪ್ರೊಪೇನ್. ಒಂದು ಶೀತಕದ ಯಂತ್ರಕ್ಕೆ ಇನ್ನೊಂದನ್ನು ತುಂಬುವುದೂ ಅಪಾಯಕರ. ತರಬೇತಿ ಪಡೆದವರು ಮಾಡಬೇಕಾದ ಕೆಲಸವಿದು. ಆದರೆ ಎರಡು ಸಾಮಾನ್ಯ ಉಷ್ಣತಾಮಾಪಕಗಳಿಂದ ಒಂದು ಪರೀಕ್ಷೆಯನ್ನು ಯಾರೂ ಮಾಡಬಹುದು. ಮೊದಲು ಜಾಲರಿಯನ್ನು ತೊಳೆದು ಒಣಗಿಸಿ ಹಾಕಿರಿ. ಯಂತ್ರವು ಕಾಲು ಗಂಟೆ ಓಡಿದ ಮೇಲೆ ಒಳಕ್ಕೆ ಹೋಗುವ ಗಾಳಿಯ ಮತ್ತು ಹೊರಬರುವ ಗಾಳಿಯ ಉಷ್ಣತೆಗಳನ್ನು ಅಳೆಯಿರಿ. ಒಣ ಬೇಸಗೆಯಲ್ಲಿ ಯಂತ್ರವು ಪೂರ್ಣ ವೇಗದಲ್ಲಿದ್ದರೆ ವ್ಯತ್ಯಾಸವು ಹತ್ತು ಡಿಗ್ರಿಯ ಆಸುಪಾಸಿನಲ್ಲಿರುವುದು ಸಾಮಾನ್ಯ. ಮಲೆನಾಡಿನ ಮಳೆಗಾಲದ ತೇವದ ಗಾಳಿಯಲ್ಲಿ ಇದು ಕಡಿಮೆಯಾದರೆ ಅಂಜಬೇಕಾಗಿಲ್ಲ. ಯಂತ್ರದ ಶಕ್ತಿಯ ಒಂದು ಪಾಲು ಗಾಳಿಯ ತೇವವನ್ನು ನೀರಾಗಿಸುವುದರಲ್ಲಿ ವ್ಯಯವಾಗುತ್ತದೆ. ಯಂತ್ರವು ಚೆನ್ನಾಗಿರುವಾಗಲೇ ಈ ಅಂಕಿಗಳನ್ನು ಬರೆದಿಟ್ಟುಕೊಂಡರೆ, ಮುಂದೆ ದೂರು ಬಂದಾಗ ಹೋಲಿಸಿ ನೋಡಲು ಆಧಾರ ದೊರೆಯುತ್ತದೆ.

ಇನ್ನು ಮೇಲೆ “ಗ್ಯಾಸ್ ಕಡಿಮೆಯಾಗಿದೆ” ಎಂಬ ಮಾತು ಕೇಳಿಬಂದಾಗ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು. ಕೊಳವೆಯ ಉಷ್ಣತೆ ಎಷ್ಟಿತ್ತು? ಸೋರುತ್ತಿರುವುದು ಎಲ್ಲಿ? ಫಲಕದ ಪ್ರಕಾರ ಎಷ್ಟು ಗ್ರಾಮ್ ತೂಗಿ ತುಂಬುವಿರಿ? ಕೆಲಸವನ್ನು ಚೆನ್ನಾಗಿ ಬಲ್ಲ ಕೆಲಸಗಾರನಿಗೆ ಈ ಪ್ರಶ್ನೆಗಳಿಂದ ಬೇಸರವಾಗದು. ಅವನು ಅವನ್ನು ತನಗೆ ತಾನೇ ಕೇಳಿಕೊಂಡಿರುತ್ತಾನೆ.

ಅಭ್ಯಾಸ

1. ಭದ್ರಾವತಿಯ ಮನೆಯೊಂದರ ಆರ್-32 ಯಂತ್ರದಲ್ಲಿ ಮಾಪಕವು 124 ಪಿ.ಎಸ್.ಐ. ತೋರಿಸುತ್ತದೆ, ಹಿಂದಿರುಗುವ ಕೊಳವೆಯ ಮೈ 6 ಡಿಗ್ರಿ ಇದೆ. ಯಂತ್ರದಲ್ಲಿ ಲೋಮನಾಳವಿದೆ. ಅತಿತಾಪವೆಷ್ಟು? ಮೊದಲು ಪರೀಕ್ಷಿಸಬೇಕಾದುದು ಯಾವುದನ್ನು?

2. ಮಳೆಗಾಲದಲ್ಲಿ ಏ.ಸಿ. ಯಂತ್ರದ ಕೊಳವೆಯಿಂದ ಗಂಟೆಗೆ ಒಂದು ಲೀಟರು ನೀರು ತೊಟ್ಟಿಕ್ಕುತ್ತದೆ. ಒಂದು ಕಿಲೋಗ್ರಾಮ್ ಆವಿಯು ನೀರಾಗುವಾಗ 2,450 ಕಿಲೋಜೂಲ್ ಉಷ್ಣವು ಬಿಡುಗಡೆಯಾಗುವುದಾದರೆ, 5.3 ಕಿಲೋವ್ಯಾಟ್ ಯಂತ್ರದ ಶಕ್ತಿಯಲ್ಲಿ ಎಷ್ಟು ಪಾಲು ಇದಕ್ಕೇ ವ್ಯಯವಾಯಿತು?

ಉತ್ತರಗಳು: 1. ಅತಿತಾಪ 1 ಡಿಗ್ರಿ; ಗಾಳಿಯ ಜಾಲರಿ ಮತ್ತು ಬೀಸಣಿಗೆ. 2. ಸುಮಾರು 0.68 ಕಿಲೋವ್ಯಾಟ್, ಅಂದರೆ ಎಂಟನೆಯ ಒಂದು ಪಾಲು.